ಹೊಸಹಟ್ಟಿಯ ಹಸಿರು ದೀಪ

ಡಾಕ್ಟರ ಮೇಜಿನ ಮೇಲೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ದೀಪ. ಡಾಕ್ಟರು ಹೇಳಿದ್ದು ರೋಗಿಗೆ ತಿಳಿದರೆ ಹಸಿರು, ತಿಳಿಯದಿದ್ದರೆ ಕೆಂಪು. ಹಸಿರಾಗುವವರೆಗೆ ಔಷಧದ ಚೀಟಿ ಅಚ್ಚಾಗುವುದಿಲ್ಲ.

ಈ ದೀಪ ಬರುವ ಮುಂಚೆ ಸರಕಾರಿ ಆಸ್ಪತ್ರೆಗಳಲ್ಲಿ ಏನಾಗುತ್ತಿತ್ತೆಂದು ಎಲ್ಲರಿಗೂ ಗೊತ್ತು. ಡಾಕ್ಟರು ಒಂದು ನಿಮಿಷ ಏನೋ ಹೇಳುವರು. ರೋಗಿ ತಲೆಯಾಡಿಸಿ ಹೊರಗೆ ಬಂದು, ಔಷಧ ಕೊಡುವ ಕಿಟಕಿಯ ಹತ್ತಿರ ನಿಂತು, 'ಏನಂದ್ರು?' ಎಂದು ಪಕ್ಕದವನನ್ನು ಕೇಳುವನು. ಓದಿದವರು, ಡಾಕ್ಟರರ ಜೊತೆ ಕುರ್ಚಿಯಲ್ಲಿ ಕೂತು ಮಾತಾಡಬಲ್ಲವರು, ಎರಡು ಪ್ರಶ್ನೆ ಹೆಚ್ಚು ಕೇಳಿ ಎರಡು ವರ್ಷ ಹೆಚ್ಚು ಬದುಕುವರು. ಒಂದೇ ರೋಗ, ಒಂದೇ ಗುಳಿಗೆ, ಆದರೂ ಸಾಯುವ ವಯಸ್ಸು ಬೇರೆ. ಈ ಅಂತರವನ್ನು ಅಳಿಸಲೆಂದೇ ಯಂತ್ರ ಬಂದಿತ್ತು.

ಅದು ಕೆಲಸ ಮಾಡುವ ರೀತಿಯಲ್ಲಿ ಮಾಯೆಯೇನೂ ಇರಲಿಲ್ಲ. ಒಂದು ಮಾತು ಕಿವಿಗೆ ಬಿದ್ದು ಅರ್ಥವಾದಾಗ, ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ತಡವಾಗಿ ಮಿದುಳಿನಲ್ಲಿ ಸಣ್ಣದೊಂದು ವಿದ್ಯುತ್ ಅಲೆ ಏಳುತ್ತದೆ. ಅರ್ಥವಾಗದಿದ್ದರೆ ಆ ಅಲೆಯ ಆಕಾರ ಬೇರೆ. ರೋಗಿಯ ಕಿವಿಯ ಹಿಂದೆ ಸಿಕ್ಕಿಸುವ ಒಂದು ಕ್ಲಿಪ್ಪು ಅದನ್ನು ಹಿಡಿದು, ಎದುರಿಗೆ ಕೂತು ಮಾತಾಡುವವರ ದನಿಯ ಜೊತೆ ಹೊಂದಿಸಿ ನೋಡುತ್ತಿತ್ತು. ನೂರಕ್ಕೆ ಎಂಬತ್ತು ಪದಗಳಿಗೆ ಸರಿಯಾದ ಅಲೆ ಎದ್ದರೆ ಹಸಿರು.

ಹಸಿರಾಗದೆ ಚೀಟಿ ಕೊಡಬಾರದು ಎಂಬ ನಿಯಮ ಬರೆದವಳು ರೋಹಿಣಿ ಹಣಗಿ. ಧಾರವಾಡದಲ್ಲಿ, ಈ ದೀಪಗಳ ನಿಯಂತ್ರಣ ಕೊಠಡಿಯಲ್ಲಿ ಅವಳದು ಐದು ವರ್ಷದ ನೌಕರಿ. ಚೀಟಿಗೆ ಈ ಬೀಗ ಇಲ್ಲದಿದ್ದರೆ ಯಾವ ಡಾಕ್ಟರೂ ದೀಪದ ಕಡೆ ನೋಡುವುದಿಲ್ಲ ಎಂದು ಅವಳು ವಾದಿಸಿದ್ದಳು, ಗೆದ್ದಿದ್ದಳು. ಆ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಮಂಗಳವಾರ ಬೆಳಿಗ್ಗೆ ಕೊಠಡಿಯ ಮುಖ್ಯಸ್ಥ ದೇಶಮಾನೆ ಅವಳನ್ನು ಗೋಡೆಯ ದೊಡ್ಡ ಪರದೆಯ ಮುಂದೆ ಕರೆದರು. ಅದರ ಮೇಲೆ ರಾಜ್ಯದ ಆರುನೂರು ಆಸ್ಪತ್ರೆಗಳ ಹೆಸರು, ಎದುರಿಗೆ ತಿಳಿವಳಿಕೆಯ ಅಂಕ.

"ರೋಹಿಣಿ, ಹೊಸಹಟ್ಟಿ ನಿಮ್ಮೂರ ಅಲ್ಲೇನು?"

"ಹೌದ್ರಿ ಸರ್."

"ನೋಡಿಲ್ಲೆ. ತೊಂಬತ್ತೇಳು. ಮೂರು ತಿಂಗಳಾತು, ಒಂದನೇ ನಂಬರ್ ಬಿಟ್ಟು ಇಳದಿಲ್ಲ. ನೇಕಾರರ ಊರು, ಅರ್ಧ ಮಂದಿಗೆ ಅಕ್ಷರ ಬರಾಂಗಿಲ್ಲ. ಬೆಂಗಳೂರಿನ ರೊಕ್ಕದ ಆಸ್ಪತ್ರಿ ಎಂಬತ್ಮೂರಕ್ಕ ನಿಂತೈತಿ. ಹೆಂಗ?"

"ಡಾಕ್ಟರು ಚಲೋ ಇರಬೇಕ್ರಿ."

"ಅದನ್ನ ಬರಕೊಂಡು ಬಾ. ಸೋಮವಾರ ಮಂತ್ರಿಗಳು ಬರ್ತಾರ. 'ಹೊಸಹಟ್ಟಿ ಮಾದರಿ' ಅಂತ ಆರುನೂರು ಆಸ್ಪತ್ರಿಗೂ ಆದೇಶ ಹೋಗತೈತಿ. ಶನಿವಾರ ನಿನ್ನ ವರದಿ ನನ್ನ ಮೇಜಿನ ಮ್ಯಾಲೆ ಇರಲಿ."

ಬುಧವಾರ ಮಧ್ಯಾಹ್ನ ಅವಳು ಹೊಸಹಟ್ಟಿಯಲ್ಲಿ ಬಸ್ಸಿಳಿದಳು. ಊರು ಕಣ್ಣಿಗಿಂತ ಮುಂಚೆ ಕಿವಿಗೆ ಬರುತ್ತದೆ. ಸಾವಿರಾರು ಪವರಲೂಮುಗಳು ಬೆಳಗಿನಿಂದ ಸಂಜೆಯವರೆಗೆ ಖಟಖಟ ಬಡಿಯುತ್ತವೆ. ಅವಳ ಚಿಕ್ಕಮ್ಮ, ಚಿಗವ್ವ ತುಳಸವ್ವನ ಮನೆಯ ಪಡಸಾಲೆಯಲ್ಲೇ ಎರಡು ಮಗ್ಗ. ತಾಯಿ ತೀರಿಕೊಂಡ ಮೇಲೆ ರೋಹಿಣಿ ಬೆಳೆದದ್ದು ಆ ಎರಡು ಮಗ್ಗಗಳ ನಡುವೆ. ಹಾಸ್ಟೆಲಿಗೆ ಹೋದ ಮೊದಲ ವಾರ ಅಲ್ಲಿಯ ಮೌನಕ್ಕೆ ಅವಳಿಗೆ ನಿದ್ದೆ ಬಂದಿರಲಿಲ್ಲ.

ಮಗ್ಗ ನಡೆಯುವಾಗ ಹೊಸಹಟ್ಟಿಯಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ಕೂಗಿದರೂ ಕೇಳಿಸದು. ದನಿಯಿಲ್ಲದೆ ತುಟಿ ಅಲ್ಲಾಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ನಲವತ್ತು ದಾಟಿದವರ ಕಿವಿ ಹೇಗೂ ಮಂದವಾಗಿರುತ್ತದೆ. ಹಾಗಾಗಿ ಮಗ್ಗ ನಿಂತ ಮೇಲೂ ಅವರ ಕಣ್ಣು ಮಾತಾಡುವವರ ಬಾಯಿಯ ಮೇಲೆಯೇ.

ತುಳಸವ್ವ ಬಾಗಿಲಲ್ಲಿ ಅವಳನ್ನು ಕಂಡು ಮಗ್ಗ ನಿಲ್ಲಿಸಿದಳು.

"ಬಂದ್ಯಾ? ಸರಕಾರದವರು ಬರ್ತಾರ ಅಂತ ಸಿಸ್ಟರ ಅಂದಿದ್ಲು. ನೀನ ಸರಕಾರ ಏನು?"

"ನಾನ."

"ಸರಕಾರ ಸೊರಗೇತಿ. ಕುಂದ್ರು, ರೊಟ್ಟಿ ಹಾಕ್ತೀನಿ."

ಊಟಕ್ಕೆ ಕೂತಾಗ ರೋಹಿಣಿ ಸುಮ್ಮನೆ ದೀಪದ ವಿಷಯ ತೆಗೆದಳು. ಚಿಗವ್ವನ ಮುಖ ಅರಳಿತು.

"ನಂದು ಒಂದ ಸಲಕ್ಕ ಹಸಿರು. ಡಾಕ್ಟರ ಬಾಯಿ ಮುಚ್ಚೂದ್ರಾಗ ಚೀಟಿ ಕೈಯಾಗ. ಶಾಂತವ್ವಂದು ಮೊದಲಿಗೆ ಕೆಂಪಾಗಿ ಕೆಂಪಾಗಿ, ಓಣಿಯಾಗ ಕೆಂಪವ್ವ ಅಂತ ಹೆಸರಿಟ್ಟಿದ್ರು. ಪಾಪ, ಒಂದ ತಿಂಗಳು ದವಾಖಾನಿಗೇ ಹೋಗಲಿಲ್ಲ. ಕಡೀಕ್ ನಾವ ಕಲಿಸಿದ್ವಿ."

"ಏನ್ ಕಲಿಸಿದ್ರಿ?"

"ಡಾಕ್ಟರ ಹೇಳೂದ." ತುಳಸವ್ವ ಶಾಲೆಯ ಹುಡುಗಿಯಂತೆ ಕೈಕಟ್ಟಿಕೊಂಡು ಹೇಳಿದಳು: "'ಗುಳಿಗೆ ಊಟ ಆದ ಮೇಲೆ. ಸೂಜಿ ಊಟಕ್ಕೆ ಮುಂಚೆ. ಸಿಹಿ ತಿನ್ನಬೇಡಿ. ತಿಂಗಳಿಗೆ ಬನ್ನಿ.' ಪಾಳ್ಯಾಗ ನಿಂತಾಗ ಎಲ್ಲಾರೂ ಒಮ್ಮೆ ಅನಕೊಂಡ ಒಳಗ ಹೋಗ್ತೀವಿ. ತಪ್ಪಂಗಿಲ್ಲ."

ರೋಹಿಣಿ ನಕ್ಕಳು. ಆಮೇಲೆ ಅವಳ ನಗು ನಿಂತಿತು. ಚಿಗವ್ವ ಸಾರು ತರಲು ಎದ್ದು ಹೋದ ದಾರಿಯಲ್ಲಿ, ಶಹಾಬಾದಿ ಕಲ್ಲಿನ ನೆಲದ ಮೇಲೆ, ಎಡಗಾಲಿನ ಪ್ರತಿ ಹೆಜ್ಜೆಗೂ ಒಂದು ಒದ್ದೆ ಗುರುತು ಇತ್ತು. ನೀರಲ್ಲ. ಕೀವಿನ ಹಳದಿ.

"ಚಿಗವ್ವ, ಕಾಲಿಗೇನಾತು?"

"ಏನೋ ಚುಚ್ಚಿರಬೇಕು. ಅರಿವಿ ಕಟ್ಟೀನಿ."

"ಎಷ್ಟ ದಿನ ಆತು?"

"ಇಪ್ಪತ್ತೋ ಏನೋ. ನೋವಿಲ್ಲ ಬಿಡ. ಒಂದಿಷ್ಟೂ ನೋವಿಲ್ಲ. ನೋವಿಲ್ಲ ಅಂದ್ರ ಗಾಯ ಆರಾಕ್ಹತ್ತೈತಿ."

ರೋಹಿಣಿ ಬಟ್ಟೆ ಬಿಚ್ಚಲು ಹೋದಳು. ತುಳಸವ್ವ ಕಾಲು ಹಿಂದಕ್ಕೆ ಎಳೆದುಕೊಂಡಳು. ಉಣ್ಣುವ ಹೊತ್ತಿನಲ್ಲಿ ಕಾಲು ಮುಟ್ಟಬಾರದು, ನಾಳೆ ದವಾಖಾನೆಗೆ ಹೇಗೂ ಹೋಗುವುದಿದೆ, ತಿಂಗಳಾಯಿತು ಎಂದಳು. ಆದರೆ ಬಟ್ಟೆಯ ವಾಸನೆ ಮೂಗಿಗೆ ಬಡಿದಿತ್ತು. ಎಂಟು ವರ್ಷದಿಂದ ಶುಗರ್ ಇರುವ ಹೆಂಗಸು, ಇಪ್ಪತ್ತು ದಿನದ ಗಾಯ, ನೋವಿಲ್ಲ. ಡಾಕ್ಟರಿಕೆ ಓದದ ರೋಹಿಣಿಗೂ ಅದರ ಅರ್ಥ ಗೊತ್ತಿತ್ತು. ಚಿಗವ್ವನಿಗೆ ಗೊತ್ತಿರಲಿಲ್ಲ. ತಿಳಿವಳಿಕೆಯಲ್ಲಿ ರಾಜ್ಯಕ್ಕೇ ಮೊದಲಾದ ಊರಿನಲ್ಲಿ, ಒಂದೇ ಸಲಕ್ಕೆ ಹಸಿರು ಬರುವವಳಿಗೆ.

ಗುರುವಾರ ಎಂಟೂವರೆಗೆ ಆಸ್ಪತ್ರೆಯ ಪಾಳಿಯ ಸಾಲು ಗೇಟಿನ ಹೊರಗೆ ಬಂದಿತ್ತು. ಡಾಕ್ಟರ್ ಶ್ರೀವಿದ್ಯಾ ಮೈಸೂರಿನವರು, ಮೂವತ್ತೆರಡು ವರ್ಷ. ಕಣ್ಣ ಕೆಳಗೆ ಕಪ್ಪು, ಮುಖಕ್ಕೆ ಮಾಸ್ಕು. ಆಸ್ಪತ್ರೆಯೊಳಗೆ ಮಾಸ್ಕು ಕಡ್ಡಾಯವಾಗಿ ಹತ್ತಾರು ವರ್ಷವಾಗಿತ್ತು. ಪಕ್ಕದಲ್ಲಿ ನರ್ಸ್ ಮುಮ್ತಾಜ್, ಅದೇ ಊರಿನವಳು. ರೋಗಿಗಳು ಬಂದು ಕೂರುವರು, ಮುಮ್ತಾಜ್ ಕ್ಲಿಪ್ಪು ಸಿಕ್ಕಿಸುವಳು, ಡಾಕ್ಟರು ಪರದೆ ನೋಡುತ್ತ ನಾಲ್ಕು ವಾಕ್ಯ ಹೇಳುವರು. ಹಸಿರು. ಚೀಟಿ. ಮುಂದಿನವರು. ರೋಹಿಣಿ ಮೂಲೆಯಲ್ಲಿ ಕೂತು ಎಣಿಸಿದಳು. ಶುಗರಿನವರಿಗೆ ಹನ್ನೊಂದು ಪದ. ಬಿಪಿಯವರಿಗೆ ಒಂಬತ್ತು. ಬಸುರಿಯರಿಗೆ ಹದಿನಾಲ್ಕು.

ನಲವತ್ತನೆಯ ರೋಗಿ ಹೋದ ಮೇಲೆ ಅವಳು ಕೇಳಿಯೇ ಬಿಟ್ಟಳು.

"ಮೇಡಂ, ಎಲ್ಲರಿಗೂ ಇಷ್ಟೇ ಹೇಳ್ತೀರಾ?"

"ಇಷ್ಟೇ ಹೇಳಿದ್ರೆ ಹಸಿರು ಬರುತ್ತೆ."

"ಕಾಲಿನ ಬಗ್ಗೆ? ಕಣ್ಣಿನ ಬಗ್ಗೆ?"

ಡಾಕ್ಟರು ಪರದೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದರು. "ಹೇಳಿದ್ದೆ ಮೇಡಂ. ಬಂದ ಮೊದಲ ವಾರ ಎಲ್ಲಾ ಹೇಳಿದ್ದೆ. ಹೊಸ ಮಾತು ಹೇಳಿದ್ರೆ ಕೆಂಪು. ಮತ್ತೆ ಹೇಳಿದ್ರೆ ಮತ್ತೆ ಕೆಂಪು. ಕೆಂಪು ಬಂದ್ರೆ ಚೀಟಿ ಇಲ್ಲ, ಚೀಟಿ ಇಲ್ದೆ ಇನ್ಸುಲಿನ್ ಇಲ್ಲ. ಹೊರಗೆ ನೂರಾ ನಲವತ್ತು ಜನ ನಿಂತಿರ್ತಾರೆ. ಒಬ್ಬಮ್ಮ ಅಳ್ತಾ ಕೈ ಮುಗಿದ್ರು, 'ಹೆಚ್ಚಿಗೆ ಹೇಳಬ್ಯಾಡ್ರಿ ಅವ್ವಾರ, ಕೆಂಪಾಗ್ತೈತಿ' ಅಂತ. ಏನ್ ಮಾಡ್ಲಿ? ಈ ಬೀಗ ಯಾರು ಹಾಕಿದ್ರೋ, ಅವರೊಂದು ದಿನ ಇಲ್ಲಿ ಕೂತ್ಕೋಬೇಕಿತ್ತು."

"ನಾನೇ ಹಾಕಿದ್ದು," ಎಂದಳು ರೋಹಿಣಿ.

ಮುಮ್ತಾಜ್ ಕೆಮ್ಮಿದಳು. ಡಾಕ್ಟರು, "ಕೂತಿದ್ದೀರಲ್ಲ, ನೋಡಿ ಹಾಗಾದ್ರೆ," ಎಂದು ಮುಂದಿನ ಹೆಸರು ಕರೆದರು.

ಆಡಿದ ಪ್ರತಿ ಮಾತನ್ನೂ ಯಂತ್ರ ಅಕ್ಷರವಾಗಿ ಬರೆದಿಡುತ್ತಿತ್ತು. ಅದನ್ನು ಯಾರೂ ಓದುತ್ತಿರಲಿಲ್ಲ, ಧಾರವಾಡದಲ್ಲಿ ಎಲ್ಲರೂ ನೋಡುತ್ತಿದ್ದದ್ದು ಅಂಕ ಮಾತ್ರ. ರೋಹಿಣಿ ತನ್ನ ಲ್ಯಾಪ್‌ಟಾಪಿನಲ್ಲಿ ತುಳಸವ್ವನ ಹೆಸರು ಹಾಕಿ ಹುಡುಕಿದಳು. ಹತ್ತೊಂಬತ್ತು ತಿಂಗಳ ಹಿಂದೆ, ಈ ಡಾಕ್ಟರು ಬಂದ ವಾರದ ಮೊದಲ ಭೇಟಿ ಸಿಕ್ಕಿತು.

'ನಿಮ್ಮ ಪಾದಗಳಲ್ಲಿ ಸ್ಪರ್ಶಜ್ಞಾನ ಕ್ಷೀಣಿಸಿದೆ, ಆದ್ದರಿಂದ ಪ್ರತಿದಿನ ಪರೀಕ್ಷಿಸಿಕೊಳ್ಳಬೇಕು.' ಕೆಂಪು. 'ಕಾಲಿನ ನರಗಳು ವೀಕ್ ಆಗಿವೆ, ಗಾಯ ಆದ್ರೆ ಗೊತ್ತಾಗಲ್ಲ.' ಕೆಂಪು. ಅದೇ ವಾಕ್ಯ ಇನ್ನೊಮ್ಮೆ, ಬಹುಶಃ ಗಟ್ಟಿಯಾಗಿ. ಕೆಂಪು. ಹನ್ನೊಂದನೆಯ ನಿಮಿಷದಲ್ಲಿ: 'ಗುಳಿಗೆ ಊಟ ಆದ ಮೇಲೆ.' ಹಸಿರು. ಅದರ ಮುಂದಿನ ಹದಿನೆಂಟು ಭೇಟಿಗಳಲ್ಲೂ ಅವೇ ಹನ್ನೊಂದು ಪದ, ಅದೇ ಹಸಿರು. ಬಾಯಿಪಾಠವಾದ ಮಾತಿಗೆ ಅಲೆ ತಪ್ಪದೆ ಏಳುತ್ತಿತ್ತು.

ಬೆಂಗಳೂರಿನ ಆ ರೊಕ್ಕದ ಆಸ್ಪತ್ರೆಯ ದಾಖಲೆಯನ್ನೂ ತೆಗೆದಳು. ಅದೇ ರೋಗ. ಒಬ್ಬ ರೋಗಿಗೆ ಸರಾಸರಿ ನಾನೂರ ಹನ್ನೆರಡು ಪದ. ರೋಗಿ ಮಧ್ಯೆ ಬಾಯಿ ಹಾಕುತ್ತಾನೆ, ಡಾಕ್ಟರು ಚಿತ್ರ ಬರೆಯುತ್ತಾರೆ, ಕೆಂಪು ಬರುತ್ತದೆ, ಮತ್ತೆ ವಿವರಿಸುತ್ತಾರೆ. ಅಂಕ ಎಂಬತ್ಮೂರು. ಆಡಿದ ಮಾತು ಎಷ್ಟು ತಿಳಿಯಿತೆಂದು ಯಂತ್ರ ಅಳೆಯುತ್ತಿತ್ತು. ಆಡದೆ ಬಿಟ್ಟ ಮಾತಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಬಡವರಿಗೆ ಹನ್ನೊಂದು ಪದ, ಉಳಿದವರಿಗೆ ನಾನೂರು, ಪರದೆಯ ಮೇಲೆ ಬಡವರೇ ಮುಂದೆ.

ತುಳಸವ್ವನ ಪಾಳಿ ಬಂದಾಗ ಹನ್ನೊಂದು ಗಂಟೆ. ಅವಳು ಕೂತು, ತಾನೇ ಕ್ಲಿಪ್ಪು ಸಿಕ್ಕಿಸಿಕೊಂಡು, ರೋಹಿಣಿಯ ಕಡೆ 'ನೋಡ್ತಿರು' ಎಂಬಂತೆ ಕಣ್ಣು ಮಾಡಿದಳು.

"ಮುಮ್ತಾಜ್ ಅಕ್ಕ, ಮೊದಲ ಆ ಕಾಲಿನ ಅರಿವಿ ಬಿಚ್ಚರಿ," ಎಂದಳು ರೋಹಿಣಿ.

ಮುಮ್ತಾಜ್ ಬಟ್ಟೆ ಬಿಚ್ಚಿದಳು. ಎರಡು ಬೆರಳು ಕಪ್ಪಾಗಿದ್ದವು. ಮುಮ್ತಾಜ್ ಚಿಮುಟದಿಂದ ಅಂಗಾಲಿನೊಳಗಿಂದ ಬೆರಳುದ್ದದ ತಂತಿಯ ಚೂರೊಂದನ್ನು ಎಳೆದು ತೆಗೆದಳು. ಮಗ್ಗದಲ್ಲಿ ಎಳೆಗಳನ್ನು ಬಿಡಿಸಿ ಹಿಡಿಯುವ ಹಣಿಗೆಯ ತಂತಿ. ಇಪ್ಪತ್ತು ದಿನ ತುಳಸವ್ವ ಅದರ ಮೇಲೆಯೇ ನಡೆದಾಡಿದ್ದಳು. ಎಳೆಯುವಾಗಲೂ ಅವಳು ಡಾಕ್ಟರ ಮುಖವನ್ನೇ ನೋಡುತ್ತ ಕೂತಿದ್ದಳು, ಆ ನಾಲ್ಕು ವಾಕ್ಯಕ್ಕೆ ಕಾಯುತ್ತ.

ಡಾಕ್ಟರು ಕಾಲಿನ ಮೇಲೆ ಬಾಗಿ ನೋಡಿದರು. "ತುಳಸಮ್ಮ, ಇವತ್ತೇ ಜಿಲ್ಲಾಸ್ಪತ್ರೆಗೆ ಹೋಗಬೇಕು. ಸೋಂಕು ಮೂಳೆಗೆ ಇಳಿದಿರಬಹುದು..."

ಕೆಂಪು.

ತುಳಸವ್ವ ಬೆಚ್ಚಿ ದೀಪ ನೋಡಿದಳು. ಬಾಗಿಲಲ್ಲಿ ಇಣುಕುತ್ತಿದ್ದ ಹೆಂಗಸರು ಗುಸುಗುಸು ಮಾಡಿದರು. ಅವಳು ನಾಚಿಕೆಯಿಂದ ಕುಗ್ಗಿ, "ಯವ್ವಾ, ದಿನದ್ದ ಹೇಳ್ರಿ. ನಾ ಚೀಟಿ ತಗೊಂಡ ಹೋಗ್ತೀನಿ. ಮಗ್ಗ ನಿಂತಾವ," ಎಂದು ಎದ್ದೇಬಿಟ್ಟಳು. ಎದ್ದು ಹೊರಟರೆ ಅವಳು ಮಗ್ಗಕ್ಕೇ ಹೋಗುವವಳು, ಜಿಲ್ಲಾಸ್ಪತ್ರೆಗಲ್ಲ. ಮಗ್ಗಕ್ಕೆ ಹೋದರೆ ಇನ್ನೊಂದು ವಾರದಲ್ಲಿ ಬೆರಳಲ್ಲ, ಕಾಲು ಹೋಗುತ್ತದೆ. ಆಮೇಲೆ ಏನು ಬೇಕಾದರೂ.

"ಮೇಡಂ, ಮಾಸ್ಕ್ ತೆಗೀರಿ," ಎಂದಳು ರೋಹಿಣಿ.

"ನಿಯಮ..."

"ಈ ಊರಾಗ ಯಾರೂ ಕಿವಿಯಿಂದ ಕೇಳಂಗಿಲ್ಲ. ಬಾಯಿ ನೋಡ್ತಾರ. ಹತ್ತೊಂಬತ್ತು ತಿಂಗಳು ನಿಮ್ಮ ಬಾಯಿ ಯಾರಿಗೂ ಕಂಡಿಲ್ಲ."

ಡಾಕ್ಟರು ಮುಮ್ತಾಜಳ ಕಡೆ ನೋಡಿದರು. ಮುಮ್ತಾಜ್, "ಖರೇನ್ರಿ. ನಾನೂ ಹೊರಗ ಹೋಗಿ ಮಾಸ್ಕ್ ಇಳಿಸಿ ಹೇಳ್ತಿದ್ದೆ. ದಿನಕ್ಕ ನಾಕ ಮಂದಿಗೆ ಹೇಳಾಕ ಆಗ್ತಿತ್ತು. ಉಳದವ್ರಿಗಿಲ್ಲ," ಎಂದಳು.

ಡಾಕ್ಟರು ಮಾಸ್ಕು ಇಳಿಸಿದರು. ಕುರ್ಚಿಯನ್ನು ಮೇಜಿನ ಈಚೆಗೆ ಎಳೆದು ತುಳಸವ್ವನ ಎದುರಿಗೆ ಕೂತರು. ತುಟಿಮಾತಿಗೆ ಹೊಸಬರಾದವರು ಮಾಡುವಂತೆ ಬಾಯಿ ಅಗಲ ಮಾಡಿ, ನಿಧಾನವಾಗಿ, "ನಿಮ್ಮ ಕಾಲಿಗೆ ನೋವು ಗೊತ್ತಾಗ್ತಾ ಇಲ್ಲ," ಎಂದರು.

"ಹೌದ್ರಿ. ನೋವಿಲ್ಲ. ಆರಾಮ ಐತಿ."

"ಆರಾಮ ಅಲ್ಲ. ನೋವು ಗೊತ್ತಾಗದೇ ಇರೋದೇ ರೋಗ." ಮುಮ್ತಾಜ್ ಒಂದು ಟ್ರೇಯಲ್ಲಿ ಆ ತಂತಿ ಹಿಡಿದು ತೋರಿಸಿದಳು. "ಇದು ಒಳಗಿತ್ತು," ಎಂದರು ಡಾಕ್ಟರು.

ತುಳಸವ್ವ ತಂತಿಯನ್ನು ಗುರುತಿಸಿದಳು. ಇಪ್ಪತ್ತು ದಿನದ ಹಿಂದೆ ಹಣಿಗೆ ಮುರಿದದ್ದು ಅವಳಿಗೆ ನೆನಪಿತ್ತು. ತನ್ನ ಕಾಲನ್ನು ಬೇರೆಯವರ ಕಾಲಿನಂತೆ ನೋಡಿದಳು. ಬೆರಳಿನಿಂದ ಒತ್ತಿದಳು, ಇನ್ನೂ ಗಟ್ಟಿಯಾಗಿ ಒತ್ತಿದಳು.

"ಏನ್ ತಿಳೀತು, ನೀವೇ ನನಗೆ ಹೇಳಿ," ಎಂದರು ಡಾಕ್ಟರು. ಹಾಗೆ ಕೇಳಬೇಕೆಂದು ಅವರಿಗೆ ಕಾಲೇಜಿನಲ್ಲಿ ಕಲಿಸಿದ್ದರು. ದೀಪ ಬಂದ ಮೇಲೆ ಕೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ತುಳಸವ್ವ ತಂತಿಯ ಕಡೆ ಕೈ ತೋರಿಸಿದಳು.

"ಎಳಿ ಹರದ್ರ ಮಗ್ಗ ತಾನ ನಿಂದ್ರಾಕ ಒಂದ ಕಡ್ಡಿ ಇರ್ತೈತ್ರಿ. ಆ ಕಡ್ಡಿ ಕೆಟ್ಟಿದ್ರ ಮಗ್ಗ ನಿಂದ್ರಾಂಗಿಲ್ಲ. ಎಳಿ ಹರದದ್ದು ತಿಳಿಯಾಂಗಿಲ್ಲ. ಹಂಗ ಬಡಕೋಂತ ಹೋಗತೈತಿ, ಸೀರಿ ಪೂರಾ ಹಾಳಾಗಿರ್ತೈತಿ. ನನ್ನ ಕಾಲಿನ ಕಡ್ಡಿ ಕೆಟ್ಟೈತಿ. ಹೌದಲ್ರಿ?"

ಡಾಕ್ಟರು ಹೌದೆಂದು ತಲೆಯಾಡಿಸಿದರು.

"ಹಂಗಾರ ಕಡ್ಡಿ ಕೆಟ್ಟ ಮಗ್ಗಾನ ಕಣ್ಣಿಲೆ ನೋಡಬೇಕ್ರಿ. ಘಳಿಗಿಗೊಮ್ಮೆ. ಅದನ್ನ ಮೊದಲ ಹೇಳಬಾರದೇನ್ರಿ ನೀವು?"

ದೀಪ ಕೆಂಪಾಗಿಯೇ ಇತ್ತು. ಅದು ಕಿವಿಗೆ ಬಿದ್ದ ದನಿಗೆ ಅಲೆ ಹೊಂದಿಸಿ ನೋಡುವ ಯಂತ್ರ. ತುಟಿಯಿಂದ, ತಂತಿಯಿಂದ, ತನ್ನದೇ ಮಗ್ಗದಿಂದ ಅರ್ಥ ಮಾಡಿಕೊಂಡವಳ ಅಲೆ ಅದರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಜಿಲ್ಲಾಸ್ಪತ್ರೆಯ ಚೀಟಿ ಅಚ್ಚಾಗಲಿಲ್ಲ. ಬೀಗ ತೆಗೆಯುವ ಸಂಕೇತ ನಿಯಂತ್ರಣ ಕೊಠಡಿಯವರಿಗೆ ಮಾತ್ರ ಗೊತ್ತಿತ್ತು. ರೋಹಿಣಿ ಅದನ್ನು ಒತ್ತಿದಳು. ಪರದೆಯ ಮೇಲೆ ಬಂತು: 'ರೋಗಿಗೆ ತಿಳಿಯದೆ ಚೀಟಿ ನೀಡಲಾಗಿದೆ. ಹೊಣೆ: ರೋಹಿಣಿ ಹಣಗಿ.'

ಜಿಲ್ಲಾಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಕಾಲು ಉಳಿಯಿತು.

ಶನಿವಾರ ದೇಶಮಾನೆ ವರದಿಯನ್ನು ಎರಡು ಸಲ ಓದಿದರು. ಅದರಲ್ಲಿ ರೋಹಿಣಿ ಹೊಸ ಕಾಲಮ್ಮೊಂದನ್ನು ಸೇರಿಸಿದ್ದಳು: ರೋಗಿಗೆ ಹೇಳಬೇಕಿದ್ದು, ಹೇಳದೆ ಬಿಟ್ಟದ್ದು. ಹೊಸಹಟ್ಟಿಯ ಸಾಲಿನಲ್ಲಿ ಆ ಕಾಲಮ್ಮು ಪುಟದ ತಳದವರೆಗೆ ಇಳಿದಿತ್ತು.

"ಇದನ್ನ ಮಂತ್ರಿಗಳ ಮುಂದ ಇಡಲಿ?"

"ಇಡ್ರಿ. ಬೀಗ ತೆಗೀಬೇಕು ಸರ್. ದೀಪ ಇರಲಿ, ಚೀಟಿಗೂ ಅದಕ್ಕೂ ಸಂಬಂಧ ಬ್ಯಾಡ. ಡಾಕ್ಟರಿಗೆ ಅಂಕ ಕೊಡೂದೂ ಬ್ಯಾಡ. ರೋಗಿ ತನ್ನ ಮಾತಿನ್ಯಾಗ ತಿರುಗಿ ಹೇಳಬೇಕು. ಅಷ್ಟೊತ್ತು ಕುಂದ್ರಾಕ ಇನ್ನೊಬ್ಬ ಡಾಕ್ಟರ್ ಬೇಕು."

"ಬೀಗ ಹಾಕಿದಾಕಿ ನೀನ."

"ಅದಕ್ಕ ತೆಗಿಯಾಕ ಬಂದೀನಿ."

ದೇಶಮಾನೆ ಕನ್ನಡಕ ತೆಗೆದು ಒರೆಸಿದರು. ಒಳ್ಳೆಯ ಮನುಷ್ಯ, ನಿವೃತ್ತಿಗೆ ಎರಡು ವರ್ಷವಿತ್ತು. "ಹೊಸಹಟ್ಟಿ ಒಂದರಾಗ ಆರ ತಿಂಗಳು ತೆಗಿ. ಅದಕ್ಕಿಂತ ಹೆಚ್ಚು ನನ್ನ ಕೈಯಾಗಿಲ್ಲ."

ಸೋಮವಾರದ ಕಾರ್ಯಕ್ರಮ ನಿಲ್ಲಲಿಲ್ಲ. ಹೊಸಹಟ್ಟಿಯ ಬದಲು ಎರಡನೆಯ ಸ್ಥಾನದಲ್ಲಿದ್ದ ಆಸ್ಪತ್ರೆಯನ್ನು ಮಾದರಿಯೆಂದು ಘೋಷಿಸಿದರು. ಅಲ್ಲಿಯ ಡಾಕ್ಟರು ಒಬ್ಬ ರೋಗಿಗೆ ಹದಿಮೂರು ಪದ ಆಡುತ್ತಿದ್ದರು.

ಆರು ತಿಂಗಳಲ್ಲಿ ಹೊಸಹಟ್ಟಿ ಪಟ್ಟಿಯ ಕೊನೆಗೆ ಇಳಿಯಿತು. ಹೊಸ ಮಾತು ಹೆಚ್ಚಿದಂತೆ ಕೆಂಪೂ ಹೆಚ್ಚಿ, ತಿಳಿವಳಿಕೆ ನಲವತ್ತೊಂದು. ಎರಡನೆಯ ಡಾಕ್ಟರು ಬರಲಿಲ್ಲ, ಪಾಳಿ ಸಂಜೆಯವರೆಗೆ ಬೆಳೆಯಿತು, ದಿನಕ್ಕೆ ಹತ್ತಾರು ಜನ ಬೈದುಕೊಂಡು ವಾಪಸು ಹೋಗುತ್ತಿದ್ದರು. ಅದನ್ನೂ ರೋಹಿಣಿ ಬರೆದಳು. ಇನ್ನೊಂದನ್ನೂ ಬರೆದಳು: ಆರು ತಿಂಗಳಲ್ಲಿ ಕಾಲಿನ ಗಾಯವೆಂದು ಬಂದವರು ಹದಿನೇಳು ಮಂದಿ, ಎಲ್ಲರೂ ಗಾಯವಾದ ನಾಲ್ಕು ದಿನದೊಳಗೆ. ಮಧ್ಯಾಹ್ನ ಕರೆಂಟು ಹೋಗಿ ಮಗ್ಗ ನಿಂತಾಗ ಓಣಿಯ ಹೆಂಗಸರು ಕಟ್ಟೆಯ ಮೇಲೆ ಸಾಲಾಗಿ ಕೂತು ಒಬ್ಬರ ಅಂಗಾಲು ಒಬ್ಬರು ನೋಡುತ್ತಿದ್ದರು. ಅದರ ಮೇಲ್ವಿಚಾರಣೆ ಕೆಂಪವ್ವನದು.

"ನಿಮ್ಮೂರು ಕಡೀಕ್ ಬಂದೈತಲ್ಲ. ಇದನ್ನ ಹೆಂಗ ತೋರಿಸೂದು?" ಎಂದು ದೇಶಮಾನೆ ಕೇಳುತ್ತಿರುವಾಗಲೇ ರೋಹಿಣಿಯ ಫೋನು ಬಡಿಯಿತು. ವಿಡಿಯೋದಲ್ಲಿ ಚಿಗವ್ವ. ಹಿಂದೆ ಮಗ್ಗ ನಡೆಯುತ್ತಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. ದೇಶಮಾನೆ ದನಿ ಹೆಚ್ಚಿಸಲು ಹೇಳಿದರು. ಬೇಡವೆಂದು ಕೈಯಾಡಿಸಿ, ರೋಹಿಣಿ ತುಟಿ ಓದುತ್ತ ಅವರಿಗೆ ಹೇಳಿದಳು.

"ಇವತ್ತೂ ಕೆಂಪ ಬಂತಂತ್ರಿ. ಆಮ್ಯಾಲೆ ಆ ಕ್ಲಿಪ್ ತಗದು ಡಾಕ್ಟರ ಕಿವಿಗೆ ಸಿಕ್ಕಿಸಿದ್ಲಂತ. 'ಈಗ ನಾ ಹೇಳ್ತೀನಿ, ನಿಮಗ ತಿಳೀತೈತೇನ ನೋಡೂಣು' ಅಂತ."

"ಅದು ರೋಗಿಗೆ ಮಾತ್ರ... ಏನ್ ಹೇಳಿದ್ಲಂತ?"

"ತಾನು ಮಧ್ಯಾಹ್ನ ಯಾಕ ಊಟ ಬಿಡ್ತೀನಿ, ಸೂಜಿ ಯಾಕ ತಪ್ಪತೈತಿ ಅಂತ. ಲಾಳಿ, ನೂಲಿನ ಕಂಡಿಕಿ, ಮಗ್ಗದ ಪಾಳಿ, ಎಲ್ಲಾ."

"ಏನ್ ಬಂತು?"

ರೋಹಿಣಿ ಪರದೆಯ ಮೇಲಿನ ತುಟಿಗಳನ್ನು ನೋಡಿದಳು. ಚಿಗವ್ವ ನಗುತ್ತಿದ್ದಳು.

"ಕೆಂಪ ಬಂತಂತ. ಮೂರ ಸಲ ಹೇಳಿಸಿಕೊಂಡ್ರಂತ. ಮೂರನೇ ಸಲಕ್ಕ ಹಸಿರಾತಂತ."

ರೋಹಿಣಿ ಫೋನು ಕೆಳಗಿಟ್ಟು, ಮುಂದಿನ ವರ್ಷದ ಸಲಕರಣೆಗಳ ಪಟ್ಟಿ ತೆರೆದಳು. ಕ್ಲಿಪ್ಪು, ಮೇಜಿಗೊಂದು ಎಂದಿತ್ತು. 'ಒಂದು' ಎಂಬುದನ್ನು ಹೊಡೆದುಹಾಕಿ 'ಎರಡು' ಎಂದು ಬರೆದಳು.